ಚೌಕಟ್ಟು ಮೊದಲು, ಚಿತ್ರ ಆಮೇಲೆ

ಬಿಳಿ ತ್ರಿಕೋನ, ಕೆಂಪು ಅಂಚು, ಒಳಗೆ ನಾಲ್ಕು ಕಪ್ಪು ಚುಕ್ಕಿ. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಜಂಕ್ಷನ್ ಬಳಿಯ ಈ ಫಲಕದ ಫೋಟೊವನ್ನು ಒಬ್ಬರು ಟ್ವಿಟರ್‌ನಲ್ಲಿ ಹಾಕಿ, ಇದೇನೆಂದು ಸಂಚಾರ ಪೊಲೀಸರನ್ನೇ ಕೇಳಿದರು. ನನಗಂತೂ ಯಾರೋ ರಂಗೋಲಿಗೆ ಚುಕ್ಕಿ ಇಟ್ಟು, ಗೆರೆ ಎಳೆಯುವಷ್ಟರಲ್ಲಿ ಹಾಲು ಉಕ್ಕಿತೆಂದು ಒಳಗೆ ಓಡಿದಂತೆ ಕಂಡಿತ್ತು. ಪೊಲೀಸರು ಉತ್ತರ ಕೊಟ್ಟರು: ರಸ್ತೆಯಲ್ಲಿ ಅಂಧರು ಓಡಾಡುವ ಸಾಧ್ಯತೆ ಇದೆ, ಎಚ್ಚರಿಕೆಯಿಂದ ಚಲಾಯಿಸಿ, ಅಲ್ಲಿ ಅಂಧರ ಶಾಲೆಯಿದೆ.

ಚುಕ್ಕಿಯ ಅರ್ಥ ಗೊತ್ತಿಲ್ಲದಿದ್ದರೂ ಚಾಲಕನಿಗೆ ಅರ್ಧ ವಿಷಯ ತಿಳಿಯಬೇಕಿತ್ತು. ತ್ರಿಕೋನವೆಂದರೆ ಎಚ್ಚರಿಕೆ. ಒಳಗೆ ಏನಿದ್ದರೂ ಕಾಲು ಬ್ರೇಕಿನ ಮೇಲೆ ಬರಬೇಕು. 1988ರ ಮೋಟಾರು ವಾಹನ ಕಾಯ್ದೆಯ ಅನುಸೂಚಿ ಫಲಕಗಳನ್ನು ಮೂರು ಜಾತಿ ಮಾಡಿದೆ: ಕಡ್ಡಾಯ, ಎಚ್ಚರಿಕೆ, ಮಾಹಿತಿ. ಹೆಚ್ಚುಕಡಿಮೆ ದುಂಡಗಿರುವುದು ಕಡ್ಡಾಯ, ಮೂರು ಮೂಲೆಯದು ಎಚ್ಚರಿಕೆ, ಚೌಕದ್ದು ಮಾಹಿತಿ. ಎಲ್‌ಎಲ್‌ಆರ್ ಪರೀಕ್ಷೆಗೆಂದು ನಾವೆಲ್ಲ ಚಿತ್ರಗಳನ್ನು ಉರು ಹೊಡೆಯುತ್ತೇವೆ, ಚೌಕಟ್ಟನ್ನು ಗಮನಿಸುವುದಿಲ್ಲ. ಗೊಂದಲ ಹುಟ್ಟುವುದು ಅಲ್ಲಿಂದಲೇ.

ಹಾರ್ನ್ ಚಿತ್ರವನ್ನೇ ನೋಡಿ. ಆಸ್ಪತ್ರೆಯ ಮುಂದೆ ಕೆಂಪು ವೃತ್ತದೊಳಗೆ, ಓರೆಗೆರೆಯ ಕೆಳಗೆ ಅದು ಇದ್ದರೆ ಹಾರ್ನ್ ಮಾಡಬಾರದು. ಅದೇ ಚಿತ್ರ ನೀಲಿ ದುಂಡು ಫಲಕದಲ್ಲಿ ಬಿಳಿಯಾಗಿ ಕಂಡರೆ ಹಾರ್ನ್ ಮಾಡಲೇಬೇಕು! ಎದುರಿನ ವಾಹನ ಕಾಣದ ಘಾಟಿಯ ತಿರುವಿನಂಥ ಕಡೆ ಇದಕ್ಕೆ ಕೆಲಸ. ಕೆಂಪು ವೃತ್ತ ಬೇಡವೆನ್ನುತ್ತದೆ, ನೀಲಿ ಮಾಡು ಎನ್ನುತ್ತದೆ. ಎರಡೂ ಆಜ್ಞೆಯೇ, ಸಲಹೆಯಲ್ಲ.

ನನ್ನನ್ನು ಕೆಡವಿದ್ದು ಖಾಲಿ ವೃತ್ತ. ಜಾತ್ರೆಯ ದಿನ ಒಂದು ಊರಿನ ತೇರುಬೀದಿಯ ಬಾಯಲ್ಲಿ ಕೆಂಪು ಅಂಚಿನ ಬಿಳಿ ಫಲಕವಿತ್ತು, ಒಳಗೆ ಏನೂ ಇಲ್ಲ. ಬಿಸಿಲಿಗೆ ಬಣ್ಣ ಹೋಗಿರಬೇಕೆಂದುಕೊಂಡು ಕಾರು ನುಗ್ಗಿಸಿದೆ. ಐವತ್ತು ಅಡಿಯಲ್ಲೇ ಪೇದೆಯೊಬ್ಬರು ಕೈ ಅಡ್ಡ ಹಿಡಿದರು.

“ಬೋರ್ಡ್ ನೋಡಲಿಲ್ಲವೇ ಸಾರ್?”

“ನೋಡಿದೆ, ಅದರಲ್ಲಿ ಏನೂ ಇರಲಿಲ್ಲವಲ್ಲ?”

“ಅದೇ ಸಾರ್. ಯಾವ ಗಾಡಿಯೂ ಇಲ್ಲ ಅಂತ.”

ಅವರು ಹೇಳಿದ್ದು ನಿಯಮದ ಪ್ರಕಾರವೂ ಸರಿ. ಖಾಲಿ ಕೆಂಪು ವೃತ್ತವೆಂದರೆ ಎರಡೂ ದಿಕ್ಕಿನಿಂದ ಎಲ್ಲ ವಾಹನಗಳಿಗೂ ನಿಷೇಧ. ಕೆಂಪು ತಟ್ಟೆಯ ಮೇಲೆ ಬಿಳಿ ಅಡ್ಡಪಟ್ಟಿ ಇರುವುದು ಬೇರೆ. ಅದು ಪ್ರವೇಶವಿಲ್ಲದ ಫಲಕ, ಈ ಕಡೆಯಿಂದ ಬರಬೇಡ ಎಂದಷ್ಟೇ ಹೇಳುತ್ತದೆ. ಹಿಮ್ಮುಖವಾಗಿ, ಜಾತ್ರೆಯ ಜನರ ನಡುವೆ, ಬೆಂಡು ಬತ್ತಾಸಿನ ಅಂಗಡಿಯವರ ನಿರ್ದೇಶನದಲ್ಲಿ ಕಾರನ್ನು ಹೊರಗೆ ತಂದ ಮೇಲೆ ಈ ವ್ಯತ್ಯಾಸ ನನಗೆ ಮರೆತಿಲ್ಲ.

ಇದರ ತಮ್ಮನಂತಿರುವುದು ಬಿಳಿ ತಟ್ಟೆಯ ಮೇಲಿನ ಒಂದೇ ಕಪ್ಪು ಓರೆಗೆರೆ. ಗೆರೆ ಕಂಡ ಕೂಡಲೇ ಏನೋ ನಿಷೇಧ ಎನಿಸುತ್ತದೆ, ಅರ್ಥ ಮಾತ್ರ ತಿರುವುಮುರುವು: ಹಿಂದೆ ಹೇರಿದ್ದ ನಿರ್ಬಂಧ ಇಲ್ಲಿಗೆ ಮುಗಿಯಿತು. ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರು ಇದೇ ಚಿತ್ರವನ್ನು ಇನ್ನೊಂದು ಅರ್ಥದಲ್ಲಿ ಕಲಿಯುತ್ತಾರೆ. ಅಲ್ಲಿ ಅದು ರಾಷ್ಟ್ರೀಯ ವೇಗಮಿತಿ. ಕಾರಿಗಾದರೆ ಸಾಮಾನ್ಯ ರಸ್ತೆಯಲ್ಲಿ ಗಂಟೆಗೆ 60 ಮೈಲಿ, ವಿಭಜಕವಿರುವ ರಸ್ತೆಯಲ್ಲಿ 70. ಸಂಖ್ಯೆಯನ್ನು ಫಲಕ ಹೇಳುವುದಿಲ್ಲ, ಚಾಲಕನೇ ತಿಳಿದುಕೊಂಡಿರಬೇಕು.

ನೀಲಿ ತಟ್ಟೆ, ಕೆಂಪು ಅಂಚು, ಒಂದು ಕೆಂಪು ಗೆರೆ ಇದ್ದರೆ ವಾಹನ ನಿಲ್ಲಿಸಿ ಹೋಗುವಂತಿಲ್ಲ. ಎರಡು ಗೆರೆ ಕತ್ತರಿಯಂತೆ ದಾಟಿದ್ದರೆ ಹೆಂಡತಿಯನ್ನು ಹತ್ತಿಸಿಕೊಳ್ಳಲೂ ನಿಲ್ಲುವಂತಿಲ್ಲ.

ಎರಡು ಫಲಕಗಳಿಗೆ ಮಾತ್ರ ಬೇರೆ ಯಾವುದಕ್ಕೂ ಇಲ್ಲದ ಆಕಾರವಿದೆ. ನಿಲ್ಲು ಎನ್ನುವುದಕ್ಕೆ ಎಂಟು ಮೂಲೆ, ದಾರಿ ಬಿಡು ಎನ್ನುವುದಕ್ಕೆ ತಲೆಕೆಳಗಾದ ತ್ರಿಕೋನ. ಕೆಸರು ಮೆತ್ತಿದರೂ, ಹಿಂಬದಿಯಿಂದ ನೋಡಿದರೂ ಗುರುತು ಸಿಗುತ್ತದೆ. ನಮ್ಮ ಬಡಾವಣೆಯ ಎಂಟು ಮೂಲೆಯ ಫಲಕದ ಮೇಲೆ ಯಾರದೋ ಹುಟ್ಟುಹಬ್ಬದ ಪೋಸ್ಟರ್ ಅಂಟಿಸಿದ್ದಾರೆ. ಮೂಲೆಗಳು ಕಾಣುತ್ತಿರುವುದರಿಂದ ನಾನಿನ್ನೂ ನಿಂತೇ ಹೋಗುತ್ತಿದ್ದೇನೆ.