ಕಬಿನಿ ಹಿನ್ನೀರಿನ ಪ್ರವಾಸೋದ್ಯಮ: ಕೋಟೆ ಸೀಮೆಯ ಹಳ್ಳಿಗಳ ಪಾಲೆಷ್ಟು?

ಪ್ರಶ್ನೆ: ಕಬಿನಿ ಹಿನ್ನೀರಿಗೆ ವರ್ಷವಿಡೀ ಪ್ರವಾಸಿಗರು ಬರುತ್ತಾರೆ. ಅವರು ಖರ್ಚು ಮಾಡುವ ಹಣ ಎಚ್.ಡಿ. ಕೋಟೆ ತಾಲ್ಲೂಕಿನ ಹಳ್ಳಿಗಳನ್ನು ಮುಟ್ಟುತ್ತದೆಯೇ?

ಉತ್ತರ: ಮುಟ್ಟುತ್ತದೆ, ಆದರೆ ಬಹುಮಟ್ಟಿಗೆ ಸಂಬಳ ಮತ್ತು ದಿನಗೂಲಿಯ ರೂಪದಲ್ಲಿ, ವ್ಯಾಪಾರದ ಲಾಭವಾಗಿ ಬರುವುದು ಕಡಿಮೆ. ಕಾರಾಪುರದ ಆಸುಪಾಸಿನ ರೆಸಾರ್ಟುಗಳಲ್ಲಿ ಕೋಣೆ, ಊಟ, ಸಫಾರಿಗಳನ್ನು ಸಾಮಾನ್ಯವಾಗಿ ಒಂದೇ ದರದಲ್ಲಿ ಸೇರಿಸಿರುತ್ತಾರೆ. ಬೆಂಗಳೂರಿನಲ್ಲಿ ಕುಳಿತೇ ಹಣ ಕಟ್ಟಿದವರು ಇಲ್ಲಿ ಬಂದು ಗೇಟಿನೊಳಗೆ ಹೋದರೆ, ಮತ್ತೆ ರಸ್ತೆ ಕಾಣುವುದು ಊರಿಗೆ ಹೊರಟಾಗಲೇ. ಅಂತರಸಂತೆಯ ಅಂಗಡಿಯಲ್ಲಿ ಒಂದು ಲೋಟ ಟೀ ಕುಡಿದರೆ ಅದೇ ಹೆಚ್ಚು.

ಹಾಗೆಂದು ಸಂಬಳವನ್ನು ಹಗುರವಾಗಿ ಕಾಣುವಂತಿಲ್ಲ. ಮಳೆಯನ್ನು ನಂಬಿ ರಾಗಿ, ಹತ್ತಿ, ಹೊಗೆಸೊಪ್ಪು ಬೆಳೆಯುವ, ತೆನೆ ಕಟ್ಟುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಆನೆ ಹಿಂಡು ತುಳಿದುಹೋಗಬಹುದಾದ ಹೊಲವನ್ನೇ ನೆಚ್ಚಿಕೊಂಡ ಮನೆಗೆ ತಿಂಗಳ ಸಂಬಳವೆಂದರೆ ಅಂಗಡಿಯ ಸಾಲ ತೀರಿಸುವ ಧೈರ್ಯ. ಹೆಜ್ಜೆಗುರುತು ನೋಡಿ ಪ್ರಾಣಿಯ ದಾರಿ ಹೇಳಬಲ್ಲ ಜೇನುಕುರುಬ, ಬೆಟ್ಟಕುರುಬ ಬುಡಕಟ್ಟುಗಳ ಯುವಕರಿಗೆ ಇಲ್ಲಿ ಕಸ ಗುಡಿಸುವ ಕೆಲಸವಲ್ಲ, ಕಾಡು ತೋರಿಸುವ ಕೆಲಸವೇ ಮೊದಲು ಸಿಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರವಾಸಿಗರನ್ನು ಕರೆತರುವ ನೋಟವೂ ಈ ಹಳ್ಳಿಗಳ ನಷ್ಟದಿಂದಲೇ ಹುಟ್ಟಿದ್ದು. 1974ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಇಲ್ಲಿನ ಕಿತ್ತೂರಿನ ನೆಲವೂ ನೀರಿನಡಿ ಸೇರಿತು. ಬೇಸಿಗೆಯಲ್ಲಿ ನೀರು ಇಳಿದಂತೆ ಬಿರುಕುಬಿಟ್ಟ ಕೆಸರಿನ ನಡುವೆ ಎಳೆ ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ನಾಗರಹೊಳೆ, ಬಂಡೀಪುರಗಳ ಆನೆಗಳು ದಡಕ್ಕೆ ಬರುತ್ತವೆ, ಅವುಗಳ ಹಿಂದೆಯೇ ಕ್ಯಾಮೆರಾ ಹಿಡಿದವರು ಬರುತ್ತಾರೆ. ನೆಲ ಬಿಟ್ಟುಕೊಟ್ಟವರ ಮಕ್ಕಳಿಗೆ ಈ ಆದಾಯದಲ್ಲಿ ಪಾಲು ಕೇಳುವ ನೈತಿಕ ಹಕ್ಕು ಉಳಿದೆಲ್ಲರಿಗಿಂತ ಹೆಚ್ಚು.

ಸಂಬಳವೊಂದನ್ನೇ ನಂಬಿದರೆ ಅಪಾಯವೂ ಇದೆ. 2025ರ ನವೆಂಬರಿನಲ್ಲಿ, ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಬಳಿಕ, ಸರ್ಕಾರ ಸಫಾರಿಯನ್ನು ನಿಲ್ಲಿಸಿತು. ಸಫಾರಿ ನಿಲ್ಲಲಿ ಎಂಬ, ಜೀವಕ್ಕೆ ಹೆದರಿದ ರೈತನ ಬೇಡಿಕೆ ನ್ಯಾಯವಾದದ್ದೇ. ಆದರೆ ಸಫಾರಿಯ ಜೀಪು ನಿಂತರೆ ಅದೇ ಊರಿನ ಚಾಲಕನ ದುಡಿಮೆಗೂ ಕುತ್ತು ಬರುತ್ತದೆ. ರೆಸಾರ್ಟಿನ ಅಡುಗೆಮನೆಗೆ ಬೇಕಾದ ಹಾಲು, ತರಕಾರಿ, ರಾಗಿಯನ್ನು ಸುತ್ತಲ ಹಳ್ಳಿಗಳಿಂದಲೇ ಕೊಳ್ಳುವ ಕರಾರು ಇದ್ದರೆ, ಹೊಲ ಇದ್ದವರಿಗೂ ಪ್ರವಾಸಿಗರ ಹಣದಲ್ಲಿ ಪಾಲು ಸಿಗುತ್ತದೆ.