ಪದ ಪರಿಚಯ: ಸಣ್ಣಕಥೆಯಲ್ಲಿ ಸಂಕೇತ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಸಳ ಹುಲಿಯ ಮೇಲೆ ಬೀಳುವ ಶಿಲ್ಪವಿದೆ. ಅದೇ ಶಿಲ್ಪ ಹೊಯ್ಸಳರ ಬೇರೆ ಗುಡಿಯಲ್ಲಿ ಕಂಡರೂ ಅರ್ಥ ಬದಲಾಗುವುದಿಲ್ಲ, ಅದು ಆ ರಾಜಮನೆತನದ ಗುರುತು. ಇದನ್ನು ಲಾಂಛನ ಎನ್ನುತ್ತೇವೆ. ಸಣ್ಣಕಥೆಯ ಸಂಕೇತಕ್ಕೆ ಹೀಗೆ ಮೊದಲೇ ಗೊತ್ತುಮಾಡಿದ ಅರ್ಥ ಇರುವುದಿಲ್ಲ. ಒಂದು ವಸ್ತು, ಪ್ರಾಣಿ, ಜಾಗ ಅಥವಾ ಹವೆ ಆ ಕಥೆಯೊಳಗೇ ಪುಟದಿಂದ ಪುಟಕ್ಕೆ ಅರ್ಥ ತುಂಬಿಕೊಂಡು, ತನಗಿಂತ ದೊಡ್ಡದೇನನ್ನೋ ಸೂಚಿಸತೊಡಗಿದರೆ ಅದು ಸಂಕೇತ.

ರೂಪಕಕ್ಕೂ ಇದಕ್ಕೂ ವ್ಯತ್ಯಾಸ ಸುಲಭ. 'ಅವಳ ಮನಸ್ಸು ಬತ್ತಿದ ಕೆರೆ' ಎಂದರೆ ರೂಪಕ, ಅಲ್ಲಿ ನಿಜವಾದ ಕೆರೆ ಇಲ್ಲ. ಸಂಕೇತವಾಗಬೇಕಾದರೆ ಕೆರೆ ಊರ ಹಿಂದೆ ಇರಲೇಬೇಕು, ಅದರಲ್ಲಿ ದನ ನೀರು ಕುಡಿಯಬೇಕು.

ಅರ್ಥ ಹುಟ್ಟುವುದು ಕಥೆ ನಡೆಯುವ ಊರಿನ ಬದುಕಿನಿಂದ. ಮಳೆಯನ್ನೇ ತೆಗೆದುಕೊಳ್ಳಿ. ಮಳೆ ಕಡಿಮೆಯಿರುವ ಅರಸೀಕೆರೆ ಕಡೆಯ ಕಥೆಯಲ್ಲಿ ಮೋಡ ಕಟ್ಟಿದರೆ ಆಸೆ ಚಿಗುರುತ್ತದೆ. ಅದೇ ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಜುಲೈ ಮಳೆ ಎಂದರೆ ಒಣಗದ ಬಟ್ಟೆ, ಹೋದ ಕರೆಂಟು, ಒಂದೇ ಸೂರಿನಡಿ ಮುಖ ಮುಖ ನೋಡಿಕೊಂಡು ಕೂತ ಮನೆಮಂದಿ. ಕಾಫಿ ತೋಟದ ಕಥೆಯಾದರೆ ತಿಂಗಳನ್ನೂ ಗಮನಿಸಬೇಕು. ಮಾರ್ಚಿನಲ್ಲಿ ಹೂಮಳೆ ಚೆನ್ನಾಗಿ ಬಿದ್ದರೆ ಎಂಟು–ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಜನವರಿಯಲ್ಲಿ ಅಷ್ಟೇ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ನೆನೆದು ಬೂಸ್ಟು ಹಿಡಿಯುತ್ತದೆ, ಗಿಡದಲ್ಲಿ ಹಣ್ಣು ಉಳಿದಿರುವಾಗಲೇ ಅಕಾಲದ ಹೂ ಬಿಡುತ್ತದೆ. 'ಮಳೆ ಸಮೃದ್ಧಿಯ ಸಂಕೇತ' ಎಂದು ಗೈಡಿನಿಂದ ಎತ್ತಿ ಬರೆದ ವಿದ್ಯಾರ್ಥಿಗೆ ಈ ಜನವರಿಯ ಕಥೆ ಪೂರ್ತಿ ತಲೆಕೆಳಗಾಗಿ ಅರ್ಥವಾಗುತ್ತದೆ.

ಮೂಡಿಗೆರೆ ಕಡೆಯ ಒಂದು ಕಥೆಯನ್ನು ಕಲ್ಪಿಸಿಕೊಳ್ಳೋಣ. ತೋಟ ಮಾರಿಸಲು ಮಗ ಬೆಂಗಳೂರಿನಿಂದ ಬಂದಿದ್ದಾನೆ. ಕಾಳುಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಸೂರಿನಡಿ ಕಟ್ಟಿಹಾಕಿದೆ. ಅವನು ಕೈ ಹಾಕಿದರೆ ಅಪ್ಪ, "ಮುಟ್ಬೇಡ, ನಿಂಗದು ಅಭ್ಯಾಸ ಇಲ್ಲ" ಅನ್ನುತ್ತಾರೆ. ಆಮೇಲೆ ತೋಟ ನೋಡಲು ಬಂದ ದಲ್ಲಾಳಿ ನೆಲದ ಮೇಲೇ ನಿಂತು ಕತ್ತೆತ್ತಿ ಬಳ್ಳಿ ಎಣಿಸುತ್ತಾನೆ, ಏಣಿಯ ಕಡೆ ತಿರುಗಿಯೂ ನೋಡುವುದಿಲ್ಲ. ಕೊನೆಗೆ ಗೊಂಚಲುಗಳಲ್ಲಿ ಕಾಳು ಕೆಂಪಾಗಿ ಉದುರತೊಡಗಿದಾಗ ಅಪ್ಪನೇ ಏಣಿ ಇಳಿಸಿ ಸಿಲ್ವರ್ ಓಕ್ ಮರಕ್ಕೆ ಒರಗಿಸುತ್ತಾರೆ. ಬುಡ ಒತ್ತಿ ಹಿಡಿದು, "ಹತ್ತು, ನಾನು ಹಿಡ್ಕಂಡಿರ್ತೀನಿ" ಅನ್ನುತ್ತಾರೆ.

ಏಣಿ ಮೂರು ಸಲ ಬಂತು. ಮೊದಲ ಸಲ ಅದು ಮಗನಿಗೆ ನಿಷಿದ್ಧ, ಎರಡನೆಯ ಸಲ ಲೆಕ್ಕಕ್ಕೇ ಇಲ್ಲ, ಮೂರನೆಯ ಸಲ ಅಪ್ಪ–ಮಗ ಇಬ್ಬರ ಭಾರವೂ ಅದರ ಮೇಲೆ. ತೋಟ ಮಾರಿದರೋ ಇಲ್ಲವೋ ಕಥೆ ಹೇಳಿಲ್ಲ. ಆದರೂ ಒಬ್ಬರು ಕೆಳಗೆ ಗಟ್ಟಿಯಾಗಿ ಹಿಡಿಯದೆ ಇನ್ನೊಬ್ಬರು ಹತ್ತಲಾಗದ ಆ ಏಣಿ ಅವರ ಸಂಬಂಧದ ಬಗ್ಗೆ ಮಾತಿಗಿಂತ ಹೆಚ್ಚು ಹೇಳಿತು. ಕಥೆಗಾರ ಇಲ್ಲಿ 'ಏಣಿ ಎರಡು ತಲೆಮಾರುಗಳ ಕೊಂಡಿಯಾಗಿತ್ತು' ಎಂದು ಒಂದು ಸಾಲು ಸೇರಿಸಿದರೆ ಓದುಗನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. 9ನೇ ಶತಮಾನದಲ್ಲಿ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮ ಎಂದದ್ದು ಹೀಗೆ ಹೇಳದೆ ಹೊಳೆಯುವ ಅರ್ಥವನ್ನೇ ಕುರಿತು.

ಗುರುತಿಸುವ ಕೆಲಸವನ್ನು ಎರಡನೆಯ ಓದಿಗೆ ಇಟ್ಟುಕೊಳ್ಳಿ, ಮೊದಲ ಓದು ಕಥೆಗಾಗಿಯೇ ಇರಲಿ. ಮತ್ತೆ ಮತ್ತೆ ಬರುವ, ಶೀರ್ಷಿಕೆಯಲ್ಲಿರುವ, ಇಲ್ಲವೇ ಕೊನೆಯ ದೃಶ್ಯದಲ್ಲಿ ನಿಂತ ವಸ್ತುವಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಪ್ರತಿ ಗೆರೆಯ ಪಕ್ಕ ಮೂರು ವಿಷಯ ಬರೆಯಿರಿ: ಅದನ್ನು ಯಾರು ಮುಟ್ಟಿದರು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು, ಹಿಂದಿನ ಸಲಕ್ಕಿಂತ ಈಗ ಏನು ಬೇರೆಯಾಗಿದೆ. ಆಮೇಲೆ ಆ ವಸ್ತುವಿನ ಜಾಗಕ್ಕೆ ಇನ್ನೊಂದನ್ನು ಇಟ್ಟು ನೋಡಿ. ಏಣಿಯ ಬದಲು ಕುಡುಗೋಲು ಇಟ್ಟರೆ ಕೊನೆಯ ದೃಶ್ಯ ಬಿದ್ದೇಹೋಗುತ್ತದೆ, ಹಾಗಾಗಿ ಏಣಿ ಸಂಕೇತ. ಅದೇ ಅಪ್ಪ ಕುಡಿದ ಕಾಫಿಯ ಬದಲು ಟೀ ಇಟ್ಟರೆ ಏನೂ ಆಗದಿದ್ದಲ್ಲಿ ಅದು ಬರೀ ವಿವರ. ವಿವರವಾಗಿ ಇರುವುದು ಸಣ್ಣ ಕೆಲಸವೇನಲ್ಲ, ಊರನ್ನು ಕಣ್ಣಿಗೆ ಕಟ್ಟಿಕೊಡುವುದು ಅದೇ.

ಹೆಚ್ಚಿನವರು ಎಡವುವುದು ಎಲ್ಲದರಲ್ಲೂ ಸಂಕೇತ ಹುಡುಕಲು ಹೋಗಿ. ಸಣ್ಣಕಥೆಯಲ್ಲಿ ನಿಜವಾಗಿ ಭಾರ ಹೊರುವಂಥದ್ದು ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು. ಇನ್ನೊಂದು ತಪ್ಪು 'ಏಣಿ = ನಂಬಿಕೆ' ಎಂದು ಸಮೀಕರಣ ಬರೆದು ಮುಗಿಸುವುದು. ಉತ್ತರ ಬರೆಯುವಾಗ ಮೊದಲು ದೃಶ್ಯ ಹೇಳಿ, ಆಮೇಲೆ ಅಲ್ಲಿ ಆದ ಬದಲಾವಣೆ, ಕೊನೆಗೆ ಅದು ಸೂಚಿಸುವ ಅರ್ಥ. ಒಂದಕ್ಕಿಂತ ಹೆಚ್ಚು ಅರ್ಥ ಹೊಳೆದರೆ, ಕಥೆಯ ಸಾಲು ಒಪ್ಪುವವರೆಗೆ ಎರಡನ್ನೂ ಬರೆಯಿರಿ.