ತಲೆ ಎಣಿಸಿದರೆ ಸಾಲದು: ವನ್ಯಜೀವಿ ಸಂರಕ್ಷಣೆಗೆ ತಳಿವಿಜ್ಞಾನ ಬಂದ ಬಗೆ

ಮೃಗಾಲಯದಲ್ಲಿ ಮರಿ ಸತ್ತರೆ ಚಳಿ, ಸೋಂಕು, ಆಹಾರ, ಅನುಭವವಿಲ್ಲದ ತಾಯಿ ಎಂದು ಏನಾದರೊಂದು ಕಾರಣ ಸಿಕ್ಕೇ ಸಿಗುತ್ತಿತ್ತು. 1979ರಲ್ಲಿ ಕ್ಯಾಥರೀನ್ ರಾಲ್ಸ್ ಮತ್ತು ಸಂಗಡಿಗರು ಗೊರಸಿನ ಪ್ರಾಣಿಗಳ 16 ಪ್ರಭೇದಗಳ ಜನನ-ಮರಣ ದಾಖಲೆಗಳನ್ನು ತೆಗೆದು ಒಂದೇ ಪ್ರಶ್ನೆ ಕೇಳಿದರು: ಈ ಮರಿಯ ತಂದೆ-ತಾಯಿ ರಕ್ತಸಂಬಂಧಿಗಳೇ? 15 ಪ್ರಭೇದಗಳಲ್ಲಿ ಸಂಬಂಧಿಗಳಿಗೆ ಹುಟ್ಟಿದ ಮರಿಗಳೇ ಹೆಚ್ಚು ಸತ್ತಿದ್ದವು. ಪ್ರಯೋಗಾಲಯದ ನೆರವಿಲ್ಲದೆ, ಬರೀ ಕಡತಗಳಿಂದ ಹೊರಬಂದ ಈ ಲೆಕ್ಕವೇ ಸಂರಕ್ಷಣಾ ತಳಿವಿಜ್ಞಾನಕ್ಕೆ ಗಟ್ಟಿ ನೆಲ ಒದಗಿಸಿತು.

ಮರುವರ್ಷ ಆಸ್ಟ್ರೇಲಿಯಾದ ಇಯನ್ ಫ್ರಾಂಕ್ಲಿನ್ ಎರಡು ಸಂಖ್ಯೆಗಳನ್ನು ಮುಂದಿಟ್ಟರು. ಒಳಸಂಕರದ, ಅಂದರೆ ರಕ್ತಸಂಬಂಧಿಗಳು ಕೂಡುವುದರ, ತಕ್ಷಣದ ಕೆಡುಕು ತಪ್ಪಲು ಕನಿಷ್ಠ 50, ಬದಲಾಗುವ ಪರಿಸರಕ್ಕೆ ಹೊಂದಿಕೊಳ್ಳುವ ಕಸುವು ಉಳಿಯಲು 500. ಇವು ಕಾಡಿನಲ್ಲಿ ಕಾಣುವ ತಲೆಗಳಲ್ಲ, 'ಪರಿಣಾಮಕಾರಿ ಸಂಖ್ಯೆ'. ಮುಂದಿನ ಪೀಳಿಗೆಗೆ ಜೀನುಗಳು ಎಷ್ಟು ಜೀವಿಗಳಿಂದ ಸರಿಪಾಲಾಗಿ ದಾಟಿದಂತಾಯಿತು ಎಂಬ ಲೆಕ್ಕ ಅದು. ಈ ಸಂಖ್ಯೆಯ ಎರಡರಷ್ಟರಿಂದ ಒಂದನ್ನು ಭಾಗಿಸಿದರೆ ಬರುವಷ್ಟು ಜೀನುಗಳ ವೈವಿಧ್ಯ ಪ್ರತಿ ಪೀಳಿಗೆಯಲ್ಲೂ ಕಳೆದುಹೋಗುತ್ತದೆ: 50 ಇದ್ದರೆ ಶೇ 1, 10 ಇದ್ದರೆ ಶೇ 5. ಕೆಲವೇ ಗಂಡುಗಳು ಹೆಚ್ಚಿನ ಹೆಣ್ಣುಗಳನ್ನು ಕೂಡುವ, ಕೆಲವೇ ಮರಗಳು ಹೆಚ್ಚಿನ ಬೀಜ ಉದುರಿಸುವ ಕಡೆ ಪರಿಣಾಮಕಾರಿ ಸಂಖ್ಯೆ ತಲೆ ಎಣಿಕೆಯ ಹತ್ತನೇ ಒಂದರ ಆಸುಪಾಸಿಗೆ ಇಳಿಯುತ್ತದೆ. ಅಂದರೆ 500 ಬೇಕಾದಲ್ಲಿ ಕಾಡಿನಲ್ಲಿ ಸುಮಾರು 5,000 ಇರಬೇಕು. 500 ತಲೆ ಮುಟ್ಟಿತೆಂದು ನಿರಾಳವಾಗುವವರು ಈ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

1983ರಲ್ಲಿ ಸ್ಟೀಫನ್ ಓಬ್ರಯನ್ ತಂಡ ದಕ್ಷಿಣ ಆಫ್ರಿಕಾದ 55 ಚೀತಾಗಳ ರಕ್ತದಲ್ಲಿ 47 ಬಗೆಯ ಪ್ರೊಟೀನುಗಳನ್ನು ಪರೀಕ್ಷಿಸಿತು. ವ್ಯತ್ಯಾಸ ಒಂದರಲ್ಲೂ ಕಾಣಲಿಲ್ಲ. ಎರಡು ವರ್ಷದ ಬಳಿಕ ಸಂಬಂಧವೇ ಇಲ್ಲದ ಚೀತಾಗಳ ನಡುವೆ ಚರ್ಮದ ತುಣುಕು ಕಸಿ ಮಾಡಿದರೆ ದೇಹ ಅದನ್ನು ತನ್ನದೆಂದೇ ಒಪ್ಪಿಕೊಂಡಿತು. ಚೀತಾದ ಸಂಕಷ್ಟಕ್ಕೆಲ್ಲ ಜೀನುಗಳೇ ಕಾರಣ ಎಂಬ ಮಾತು ಹಬ್ಬಿತು. ಆದರೆ ಸೆರೆಂಗೆಟಿ ಬಯಲಿನಲ್ಲಿ ಮರಿಗಳನ್ನು ಬೆನ್ನುಹತ್ತಿ ನೋಡಿದವರಿಗೆ ಕಂಡದ್ದು ಬೇರೆ. ಅಲ್ಲಿ ಸತ್ತ ಮರಿಗಳಲ್ಲಿ ಹೆಚ್ಚಿನವು ಬೇಟೆಪ್ರಾಣಿಗಳಿಗೆ, ಅದರಲ್ಲೂ ಸಿಂಹಗಳಿಗೆ ಬಲಿಯಾಗಿದ್ದವು. 1988ರಲ್ಲಿ ರಸೆಲ್ ಲ್ಯಾಂಡೆ, ಜೀನುಗಳು ಕೈಕೊಡುವ ಮುನ್ನವೇ ನೆಲೆ ನಾಶವೂ ಸಂಖ್ಯೆಯ ಏರಿಳಿತವೂ ಪ್ರಾಣಿಯನ್ನು ಮುಗಿಸಬಲ್ಲವು ಎಂದು ವಾದಿಸಿದರು. ಆ ಎಚ್ಚರಿಕೆ ಬೇಕಾಗಿತ್ತು. ಅದನ್ನೇ ನೆಪ ಮಾಡಿಕೊಂಡು ಜೀನುಗಳ ಮಾತನ್ನು ಆಮೇಲೆ ನೋಡೋಣ ಎಂದು ಪಕ್ಕಕ್ಕಿಟ್ಟದ್ದು ಮಾತ್ರ ದುಬಾರಿಯಾಯಿತು.

ಅಲ್ಲಿಯವರೆಗಿನ ತೊಡಕೆಂದರೆ ರಕ್ತ. ಪ್ರಾಣಿಯನ್ನು ಹಿಡಿಯದೆ ರಕ್ತ ಸಿಗದು. ಚೂರು ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸುವ ಪಿಸಿಆರ್ ವಿಧಾನ 1980ರ ದಶಕದ ಕೊನೆಗೆ ಎಲ್ಲರ ಕೈಗೆ ಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಉದ್ದ ಬದಲಾಗುವ ಡಿಎನ್‌ಎ ತುಣುಕುಗಳಾದ ಮೈಕ್ರೊಸ್ಯಾಟಲೈಟ್ ಗುರುತುಗಳೂ ಅದರ ಜೊತೆಗೇ ಬಂದವು. 1992ರಲ್ಲಿ ಕರಡಿಯ ಹಿಕ್ಕೆಯಿಂದಲೂ ಉದುರಿದ ಕೂದಲಿನಿಂದಲೂ ಡಿಎನ್‌ಎ ತೆಗೆದು ತೋರಿಸಿದರು.

ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಹಿಕ್ಕೆಯ ಒಳಗಿರುವುದು ಬಹುಪಾಲು ಆಹಾರವಾದ ಪ್ರಾಣಿಯ ಕೂದಲು, ಮೂಳೆ ಮತ್ತು ಬ್ಯಾಕ್ಟೀರಿಯಾ. ಹಾಕಿದ ಪ್ರಾಣಿಯದೇ ಕೋಶಗಳು ಕರುಳಿನ ಒಳಪದರದಿಂದ ಕಿತ್ತು ಬಂದು ಹೊರಮೈಗೆ ಅಂಟಿರುತ್ತವೆ. ಆದ್ದರಿಂದ ಒಡೆದು ನಡುವಿನಿಂದ ತೆಗೆಯದೆ ಹೊರಪದರವನ್ನೇ ಕೆರೆಯಬೇಕು ಅಥವಾ ಹತ್ತಿಕಡ್ಡಿಯಿಂದ ಒರೆಸಬೇಕು. ಚೂರಿನ ನಾಲ್ಕು ಪಟ್ಟಾದರೂ ಶೇ 95ರ ಆಲ್ಕೊಹಾಲ್ ಹಾಕಬೇಕು. ಕಡಿಮೆಯಾದರೆ ಹಿಕ್ಕೆಯ ನೀರು ಸೇರಿ ಆಲ್ಕೊಹಾಲ್ ತೆಳುವಾಗಿ ಡಿಎನ್‌ಎ ಕೊಳೆಯುತ್ತದೆ. ಬಿಸಿಲು, ಮಳೆಗೆ ಬಿದ್ದ ಹಿಕ್ಕೆಯಲ್ಲಿ ಎಳೆಗಳು ತುಂಡಾಗಿರುವುದರಿಂದ 200 ಡಿಎನ್‌ಎ ಅಕ್ಷರದೊಳಗಿನ ಗಿಡ್ಡ ತುಣುಕುಗಳನ್ನೇ ಗುರಿಯಾಗಿ ಆರಿಸುವುದು ಲೇಸು. ಅದರಲ್ಲಿರುವ ಪಿತ್ತದ ಮತ್ತು ಸಸ್ಯದ ರಾಸಾಯನಿಕಗಳು ಪಿಸಿಆರ್ ಅನ್ನೇ ತಡೆಯುತ್ತವೆ. ಆಗ ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿದರೆ ಕೆಲವೊಮ್ಮೆ ಫಲಿತಾಂಶ ಬರುತ್ತದೆ. ಪ್ರತಿ ಸುತ್ತಿನಲ್ಲೂ ಮಾದರಿಯೇ ಇಲ್ಲದ ಒಂದು ಖಾಲಿ ಕೊಳವೆ ಓಡಿಸಲೇಬೇಕು. ಅದರಲ್ಲಿ ಡಿಎನ್‌ಎ ಕಂಡರೆ ಆ ಸುತ್ತನ್ನೇ ಕೈಬಿಡಬೇಕು.

ಇಷ್ಟಾದರೂ ಮುಖ್ಯ ಅಪಾಯ ಉಳಿಯುತ್ತದೆ. ಜೀವಿಗೆ ಪ್ರತಿ ಗುರುತಿನ ಎರಡು ರೂಪಗಳು ಬಂದಿರುತ್ತವೆ, ತಾಯಿಯದೊಂದು, ತಂದೆಯದೊಂದು. ಡಿಎನ್‌ಎ ತೀರಾ ಕಡಿಮೆಯಿದ್ದರೆ ಎರಡರಲ್ಲಿ ಒಂದು ಮಾತ್ರ ಹೆಚ್ಚಿ, ಇನ್ನೊಂದು ಕಾಣದೆ ಹೋಗುತ್ತದೆ. ಆಗ ಒಂದೇ ಪ್ರಾಣಿಯ ಎರಡು ಹಿಕ್ಕೆಗಳು ಎರಡು ಪ್ರಾಣಿಗಳೆಂದು ದಾಖಲಾಗುತ್ತವೆ, ಎಣಿಕೆ ಉಬ್ಬುತ್ತದೆ. ಒಂದು ಗುರುತಿನಲ್ಲಿ ತಪ್ಪಿನ ಸಾಧ್ಯತೆ ಬರೀ ಶೇ 5 ಎಂದಿಟ್ಟುಕೊಳ್ಳಿ. ಹತ್ತು ಗುರುತುಗಳೂ ಸರಿಯಾಗಿ ಬರುವ ಸಾಧ್ಯತೆ ಶೇ 60 ಮಾತ್ರ. ನೂರು ಮಾದರಿಗಳಲ್ಲಿ ನಲವತ್ತಕ್ಕೆ ಎಲ್ಲೋ ಒಂದು ಕಡೆ ತಪ್ಪಿರುತ್ತದೆ! 1996ರಲ್ಲಿ ಪಿಯೆರ್ ಟಬೆರ್ಲೆ ತಂಡ ಇದಕ್ಕೆ ನಿಯಮ ಕೊಟ್ಟಿತು: ಯಾವ ರೂಪವನ್ನೂ ಕನಿಷ್ಠ ಎರಡು ಸಲ ಕಾಣದೆ ಬರೆದುಕೊಳ್ಳಬೇಡಿ, ಒಂದೇ ರೂಪ ಕಂಡರೆ ಏಳು ಸಲ ಓಡಿಸಿ. ಪ್ರತಿ ಸಲವೂ ಎರಡರಲ್ಲೊಂದೇ ಅದೃಷ್ಟದಂತೆ ಕಾಣುವ ಕೆಟ್ಟ ಸ್ಥಿತಿಯಲ್ಲೂ, ಏಳೂ ಸಲ ಅದೇ ರೂಪ ಬರುವ ಸಾಧ್ಯತೆ 64ರಲ್ಲಿ ಒಂದು. ಖರ್ಚು ಉಳಿಸಲೆಂದು ಈ ಮರುಪರೀಕ್ಷೆಗಳನ್ನು ಕತ್ತರಿಸಿದ ಎಣಿಕೆಯನ್ನು ನಂಬುವಂತಿಲ್ಲ.

ಅಳೆಯುವುದು ಕೈವಶವಾಯಿತು. ಮಾಡುವುದೇನು? ಅಮೆರಿಕದ ಫ್ಲೋರಿಡಾದಲ್ಲಿ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳು 1990ರ ದಶಕದ ಆರಂಭದಲ್ಲಿ 20-30ಕ್ಕೆ ಇಳಿದಿದ್ದವು. ಬಾಲದ ತುದಿ ಸೊಟ್ಟ, ಹೃದಯದಲ್ಲಿ ರಂಧ್ರ, ಕೆಳಗಿಳಿಯದ ವೃಷಣ, ವಿಕಾರ ವೀರ್ಯಾಣು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು, ಐದು ಮರಿ ಹಾಕಿದವು. 2010ರಲ್ಲಿ ಪ್ರಕಟವಾದ ವರದಿಯಂತೆ ಸಂಖ್ಯೆ ಮೂರು ಪಟ್ಟಾಗಿತ್ತು, ದೋಷಗಳು ತಗ್ಗಿದ್ದವು. ಸ್ವೀಡನ್ನಿನ ದಕ್ಷಿಣ ತೀರದ ಸ್ಮೀಗೆಹುಕ್‌ನಲ್ಲಿ 1992ರಲ್ಲಿ ಬೇರೆಡೆಯ 20 ಗಂಡು ಹಾವುಗಳನ್ನು ಬಿಟ್ಟಾಗ, ಸತ್ತೇ ಹುಟ್ಟುತ್ತಿದ್ದ ಮರಿಗಳ ಕಾಲ ಮುಗಿದು ಅಲ್ಲಿನ ಆಡರ್ ಎಂಬ ಮಂಡಲ ಜಾತಿಯ ಹಾವುಗಳ ಸಂತತಿಯೂ ಹೀಗೆಯೇ ಚಿಗುರಿತು.

ಆದರೂ ಬೆರೆಸಲು ಹಿಂಜರಿಕೆ ಹೋಗಿಲ್ಲ. ಹಿಂಜರಿಯುವವರು ಕೊಡುವ ಉದಾಹರಣೆ ಮಧ್ಯ ಯುರೋಪಿನ ತಾತ್ರಾ ಬೆಟ್ಟಗಳ ಐಬೆಕ್ಸ್ ಕಾಡುಮೇಕೆಯದು. ಆಸ್ಟ್ರಿಯಾದಿಂದ ತಂದವು ಅಲ್ಲಿ ನೆಲೆಯೂರಿದ್ದವು. ಬಳಿಕ ಟರ್ಕಿ ಮತ್ತು ಸಿನಾಯ್‌ನ ಬಿಸಿನಾಡಿನ ಮೇಕೆಗಳನ್ನು ಸೇರಿಸಿದರು. ಹುಟ್ಟಿದ ಮಿಶ್ರತಳಿ ಬೇಗ ಬೆದೆಗೆ ಬಂದು ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಮರಿ ಹಾಕಿತು, ಗುಂಪೇ ಅಳಿಯಿತು. ದೂರದ ನಾಡಿನ ಬೇರೆ ಪ್ರಭೇದಗಳನ್ನು ಸೇರಿಸಿದ್ದರ ಫಲವನ್ನು ನೆರೆಯ ಕಾಡಿನ ಬಂಧುವಿಗೂ ಅನ್ವಯಿಸುವುದು ಸರಿಯಲ್ಲ. 2011ರಲ್ಲಿ ರಿಚರ್ಡ್ ಫ್ರಾಂಕಮ್ ಮತ್ತು ಸಂಗಡಿಗರು ಕೇಳಬೇಕಾದ ಪ್ರಶ್ನೆಗಳನ್ನು ಹೇಳಿದ್ದಾರೆ. ವರ್ಣತಂತುಗಳ ಜೋಡಣೆ ಎರಡರಲ್ಲೂ ಒಂದೇ ಆಗಿದೆಯೇ? ಕಳೆದ 500 ವರ್ಷಗಳಲ್ಲಿ ಅವು ಕೂಡಿದ್ದುಂಟೇ? ವಾತಾವರಣ ಒಂದೇ ಬಗೆಯದೇ? ಮೂರಕ್ಕೂ ಹೌದು ಎಂದರೆ ಅಪಾಯ ಕಡಿಮೆ. ಬೆರಕೆಯ ಕೆಡುಕು ಮೊದಲ ಪೀಳಿಗೆಯಲ್ಲಿ ಮುಚ್ಚಿಕೊಂಡು ಎರಡನೆಯದರಲ್ಲಿ ತೋರಬಹುದು, ಹಾಗಾಗಿ ಮೊಮ್ಮಕ್ಕಳವರೆಗೆ ಗಮನಿಸುವುದು ಅಗತ್ಯ.

ಗಿಡಗಳಲ್ಲಿ ಕಾಯುವುದಕ್ಕೆ ತೆರುವ ಬೆಲೆ ಇನ್ನೂ ನೇರ. ಅಮೆರಿಕದ ಇಲಿನಾಯ್‌ನಲ್ಲಿ ಉಳಿದಿದ್ದ ಸುಮಾರು 30 ಲೇಕ್‌ಸೈಡ್ ಡೇಸಿಗಳು ವರ್ಷವರ್ಷವೂ ಹೂ ಬಿಟ್ಟವು, ಜೇನ್ನೊಣಗಳೂ ಬಂದವು, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಂದು ಬೀಜವೂ ಕಟ್ಟಲಿಲ್ಲ. ಈ ಗಿಡ ತನ್ನದೇ ಬಗೆಯ ಪರಾಗವನ್ನು ಒಪ್ಪುವುದಿಲ್ಲ. ಅಲ್ಲಿ ಉಳಿದಿದ್ದವೆಲ್ಲ ಒಂದೇ ಬಗೆಯವು. ಓಹಾಯೊದ ಗಿಡದ ಪರಾಗ ಮುಟ್ಟಿಸಿದ ಮೇಲೆ ಬೀಜ ಬಂತು. ಬೀಜ ಸಂಗ್ರಹಿಸುವವರು ಒಂದು ನೆಲೆಯಲ್ಲಿ 50ರಿಂದ 100 ಗಿಡಗಳನ್ನು ಮುಟ್ಟಬೇಕು ಎಂಬ ಹಳೆಯ ನಿಯಮ ಇಂಥ ಅಪರೂಪದ ರೂಪಗಳೂ ಕೈತಪ್ಪದಿರಲಿ ಎಂದೇ.

ಈಗ ಇಡೀ ಜೀನೋಮ್, ಅಂದರೆ ಜೀವಿಯ ಡಿಎನ್‌ಎಯನ್ನು ಪೂರ್ತಿಯಾಗಿ, ಓದುವುದು ಸಾಧ್ಯವಾಗಿದೆ, ಜೊತೆಗೆ ಪ್ರಶ್ನೆಯೂ ಸೂಕ್ಷ್ಮವಾಗಿದೆ. ಒಟ್ಟು ವೈವಿಧ್ಯ ಎಷ್ಟು ಎಂಬುದರ ಜೊತೆಗೆ ಹಾನಿಕಾರಕ ರೂಪಗಳು ಎಷ್ಟು ಸೇರಿವೆ ಎಂದೂ ಕೇಳಬಹುದು. ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದ, ಡಾಲ್ಫಿನ್ ಹೋಲುವ ಪುಟ್ಟ ಸಸ್ತನಿಗಳಾದ ವಕೀಟಾ ಹಂದಿಮೀನುಗಳು ಹೇಗೂ ಉಳಿಯವು ಎಂದು ಕೈಚೆಲ್ಲುವ ಮಾತು ಕೇಳಿಬರುತ್ತಿತ್ತು. 2022ರಲ್ಲಿ ಪ್ರಕಟವಾದ ಅಧ್ಯಯನ 20 ವಕೀಟಾಗಳ ಜೀನೋಮ್ ಓದಿ, ಲಕ್ಷಾಂತರ ವರ್ಷಗಳಿಂದಲೂ ಸಣ್ಣ ಸಂಖ್ಯೆಯಲ್ಲೇ ಬಾಳಿದ ಇವುಗಳಲ್ಲಿ ಹಾನಿಕಾರಕ ರೂಪಗಳು ಈಗಾಗಲೇ ಬಹಳಷ್ಟು ಕಳೆದುಹೋಗಿವೆ ಎಂದು ಕಂಡುಕೊಂಡಿತು. ಮೀನಿನ ಬಲೆಗೆ ಸಿಕ್ಕಿ ಸಾಯುವುದು ಪೂರ್ತಿ ನಿಂತರೆ 50 ವರ್ಷದೊಳಗೆ ಅಳಿಯುವ ಸಾಧ್ಯತೆ ಶೇ 6. ಆ ಸಾವುಗಳು ಶೇ 80ರಷ್ಟು ಮಾತ್ರ ಇಳಿದರೆ ಶೇ 62.